ಕಡಲ ತಳದ ಅನಿಲಾಹಾರಿಗಳು

ಬೇಸಗೆಯಲ್ಲಿ ಊರ ಕೆರೆಯ ನೀರಿಳಿದು ಅಂಚಿನ ಕೆಸರು ಕಾಣತೊಡಗಿದಾಗ, ಎಮ್ಮೆಗಳು ಅದರೊಳಕ್ಕೆ ಇಳಿಯುವುದನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಎಮ್ಮೆ ಕಾಲಿಟ್ಟಲ್ಲೆಲ್ಲ ಗುಳುಗುಳು ಎಂದು ಗುಳ್ಳೆಗಳೇಳುತ್ತವೆ. ನಮ್ಮ ಬಾಲ್ಯದಲ್ಲಿ ಇದೊಂದು ಆಟವಾಗಿತ್ತು. ಸೋದರಮಾವನ ಮಗನೊಬ್ಬ ನಮ್ಮಲ್ಲೆಲ್ಲ ಧೈರ್ಯಶಾಲಿ. ಬಾಯಗಲದ ಸೀಸೆಯೊಂದರಲ್ಲಿ ನೀರು ತುಂಬಿ, ಅದನ್ನು ಕೆರೆಯಲ್ಲಿ ಬೋರಲಾಗಿ ಹಿಡಿದು, ಕೋಲಿನಿಂದ ಕೆಸರನ್ನು ಕೆದಕಿ, ಗುಳ್ಳೆಗಳನ್ನು ಸೀಸೆಯೊಳಕ್ಕೆ ಸೆರೆಹಿಡಿದನು. ದಡಕ್ಕೆ ಬಂದು ಕಡ್ಡಿ ಗೀರಿ ಸೀಸೆಯ ಬಾಯಿಗೆ ಹಿಡಿದಾಗ ಭುಗ್ಗೆಂದು ನಸುನೀಲಿಯ ಜ್ವಾಲೆಯೊಂದು ಎದ್ದು ಮರುಕ್ಷಣವೇ ಆರಿಹೋಯಿತು. ಆ ಸಾಹಸದ ವರದಿ ಮನೆಗೆ ಮುಟ್ಟಿದಾಗ ಅಜ್ಜಿ ಬೆಚ್ಚಿಬಿದ್ದಳು. “ಕೊಳ್ಳಿದೆವ್ವವನ್ನು ಸೀಸೆಯಲ್ಲಿಟ್ಟು ಮನೆಗೆ ತರಬೇಡಿರೋ, ಮಕ್ಕಳಿರಾ!” ಎಂಬುದು ಅವಳ ಅಪ್ಪಣೆ.

ನಾವು ಅಂದು ಹಿಡಿದದ್ದು ದೆವ್ವವಲ್ಲ, ಮೀಥೇನ್ ಎಂಬ ಅನಿಲವೆಂಬುದು ಬಹುಕಾಲದ ಮೇಲೆ ನನಗೆ ತಿಳಿಯಿತು. ಇಟಲಿಯ ಅಲೆಸಾಂಡ್ರೊ ವೋಲ್ಟಾ ಎಂಬ ವಿಜ್ಞಾನಿ ೧೭೭೬ರಲ್ಲಿ ಮಜ್ಜೋರೆ ಸರೋವರದ ಜೌಗಿನಲ್ಲಿ ಇದೇ ಆಟವನ್ನು ಆಡಿದ್ದನಂತೆ. ಅವನೂ ಕೆಸರನ್ನು ಕೋಲಿನಿಂದ ಕೆದಕಿದ, ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದ, ಬೆಂಕಿ ಮುಟ್ಟಿಸಿದ. ನಮಗೂ ಅವನಿಗೂ ಇದ್ದ ವ್ಯತ್ಯಾಸವಿಷ್ಟೆ: ನಾವು ಅಜ್ಜಿಗೆ ಹೆದರಿ ಅಲ್ಲಿಗೇ ನಿಲ್ಲಿಸಿದೆವು, ಅವನು ಮುಂದುವರಿದು ಶಾಸ್ತ್ರವನ್ನು ಕಟ್ಟಿದನು.

ನಾನು ವಿಜ್ಞಾನಿಯಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೂ ಈ ಅನಿಲವನ್ನು ತಯಾರಿಸುವ ಮತ್ತು ಅದಕ್ಕಿಂತ ಹೆಚ್ಚಾಗಿ ಈ ಅನಿಲವನ್ನೇ ಉಂಡು ಬದುಕುವ ಜೀವಿಗಳ ಕಥೆಯನ್ನು ರಸಾಯನಶಾಸ್ತ್ರದ ಮಿತ್ರರೊಬ್ಬರ ಬಾಯಿಂದ ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಕಾದಂಬರಿಗೆ ಕಡಮೆಯಿಲ್ಲದ ಆ ಕಥೆಯನ್ನು ವಾಚಕರಿಗೂ ಹೇಳಬೇಕೆನಿಸಿತು.

ಕತ್ತಲೆಯ ಅಡುಗೆಯವರು

ಮೀಥೇನ್ ಎಂಬುದು ಅತಿ ಸರಳವಾದ ವಸ್ತು. ಒಂದು ಇಂಗಾಲದ ಪರಮಾಣು ನಡುವೆ, ಸುತ್ತಲೂ ಜಲಜನಕದ ನಾಲ್ಕು ಪರಮಾಣುಗಳು. ಇಂಗಾಲ ಜಲಜನಕಗಳು ಹೀಗೆ ಕೂಡಿ ಆದ ವಸ್ತುಗಳಿಗೆಲ್ಲ ಹೈಡ್ರೊಕಾರ್ಬನ್ ಎಂದು ಹೆಸರು. ಇಂಗಾಲ ಎರಡಾದರೆ ಈಥೇನ್, ಮೂರಾದರೆ ಪ್ರೊಪೇನ್, ನಾಲ್ಕಾದರೆ ಬ್ಯೂಟೇನ್. ಕೊನೆಯ ಇಬ್ಬರು ನಮ್ಮ ಗೃಹಿಣಿಯರಿಗೆ ಚಿರಪರಿಚಿತರು. ಅಡುಗೆಮನೆಯ ಸಿಲಿಂಡರಿನಲ್ಲಿ ದ್ರವವಾಗಿ ಸೆರೆಯಾಗಿರುವವರು ಅವರೇ. ಈ ಕುಲಕ್ಕೆಲ್ಲ ಕಿರಿಯ ಮೀಥೇನ್.

ಕೆರೆಯ ಕೆಸರಿನಲ್ಲಿ, ನೀರು ನಿಂತ ಗದ್ದೆಯಲ್ಲಿ, ಹಸುವಿನ ಹೊಟ್ಟೆಯಲ್ಲಿ, ಗೊಬ್ಬರದ ಅನಿಲದ ಗುಂಡಿಯಲ್ಲಿ—ಗಾಳಿಯಾಡದ ಕಡೆಗಳಲ್ಲೆಲ್ಲ ಮೀಥೇನ್ ಹುಟ್ಟುತ್ತದೆ. ಅದನ್ನು ಹುಟ್ಟಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನಾವು ಅನ್ನವುಂಡು ಆಮ್ಲಜನಕವನ್ನು ಉಸಿರಾಡಿ ಶಕ್ತಿಯನ್ನು ಪಡೆಯುವಂತೆ, ಅವು ಜಲಜನಕ ಮತ್ತು ಇಂಗಾಲದ ಡೈ ಆಕ್ಸೈಡನ್ನು ಕೂಡಿಸಿ, ಆ ಕೂಡಿಕೆಯಲ್ಲಿ ಹೊಮ್ಮುವ ಅಲ್ಪ ಶಕ್ತಿಯಿಂದ ಜೀವಿಸುತ್ತವೆ. ಅವುಗಳ ಅಡುಗೆಯ ಹೊಗೆಯೇ ಮೀಥೇನ್. ಆಮ್ಲಜನಕ ಅವಕ್ಕೆ ವಿಷಪ್ರಾಯ.

ಬಹುಕಾಲದವರೆಗೆ ಇವನ್ನು ಬ್ಯಾಕ್ಟೀರಿಯಗಳೆಂದೇ ಎಣಿಸಲಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡಗೋ ಉದ್ದಕ್ಕೋ ಕಾಣುವ ಚುಕ್ಕೆಗಳು, ಬೇರೆಯೆನ್ನಲು ಕಾರಣವೇನು? ಕಾರಣವನ್ನು ಕಂಡುಹಿಡಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೂಸ್. ಅವರು ಹಿಡಿದ ಮಾರ್ಗ ನನ್ನಂಥ ಕನ್ನಡದ ವಿದ್ಯಾರ್ಥಿಗೆ ಆಶ್ಚರ್ಯಕರವಾಗಿ ಪರಿಚಿತವಾದದ್ದು.

ಹಳಗನ್ನಡ ಕಾವ್ಯವೊಂದರ ಹತ್ತು ಓಲೆಗರಿ ಪ್ರತಿಗಳು ಸಿಕ್ಕಿದರೆ ಗ್ರಂಥಸಂಪಾದಕನು ಏನು ಮಾಡುತ್ತಾನೆ? ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ಪಾಠಾಂತರಗಳನ್ನು ಗುರುತಿಸುತ್ತಾನೆ. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಒಂದೇ ಕಡೆ ಕಂಡರೆ ಅವೆರಡೂ ಒಂದೇ ಮಾತೃಪ್ರತಿಯಿಂದ ಇಳಿದವೆಂದು ಊಹಿಸುತ್ತಾನೆ. ಹೀಗೆ ಪ್ರತಿಗಳ ವಂಶವೃಕ್ಷ ಸಿದ್ಧವಾಗುತ್ತದೆ. ಜೀವಿಗಳ ಒಳಗೂ ಇಂಥ ಬರಹವುಂಟು. ತಾಯಿಯಿಂದ ಮಗುವಿಗೆ, ಕೋಶದಿಂದ ಕೋಶಕ್ಕೆ ನಕಲಾಗುತ್ತ ಬಂದ ಆ ಬರಹಕ್ಕೆ ನಾಲ್ಕೇ ಅಕ್ಷರಗಳು. ಒಂದೊಂದು ಕಾರ್ಯವನ್ನು ವಿಧಿಸುವ ಅದರ ಒಂದೊಂದು ಭಾಗವೇ ಜೀನ್, ಎಂದರೆ ವಂಶವಾಹಿ. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವುದು ಲಿಪಿಕಾರನಿಗೆ ಹೇಗೋ ಪ್ರಕೃತಿಗೂ ಹಾಗೆಯೇ.

ಎಲ್ಲ ಜೀವಿಗಳಲ್ಲಿಯೂ ಇರುವ, ಪ್ರೋಟೀನನ್ನು ಹೆಣೆಯುವ ಯಂತ್ರದ ಅಂಗವಾದ ಒಂದು ಬರಹವನ್ನು ವೂಸ್ ಆರಿಸಿಕೊಂಡರು. ಆಗ ಅದನ್ನು ಇಡಿಯಾಗಿ ಓದುವ ಉಪಾಯವಿರಲಿಲ್ಲ. ತುಣುಕು ತುಣುಕಾಗಿ ಕತ್ತರಿಸಿ, ಫಿಲ್ಮಿನ ಮೇಲೆ ಮೂಡಿದ ಕಪ್ಪು ಚುಕ್ಕೆಗಳನ್ನು ದೀಪದ ಮುಂದೆ ಹಿಡಿದು, ವರ್ಷಗಟ್ಟಳೆ ಕುಳಿತು ಓದಬೇಕಾಗಿತ್ತು. ಒಡೆದ ಓಲೆಗಳ ಚೂರುಗಳಿಂದ ಕಾವ್ಯವನ್ನು ಗುರುತಿಸಿದಂತೆ. ಅದೇ ವಿಶ್ವವಿದ್ಯಾಲಯದ ರಾಲ್ಫ್ ವುಲ್ಫ್ ಅವರು ಸಾಕುತ್ತಿದ್ದ ಮೀಥೇನ್ ಜೀವಿಗಳ ಬರಹವನ್ನು ಓದಿದಾಗ ವೂಸರಿಗೆ ದಿಗ್ಭ್ರಮೆಯಾಯಿತು. ಬ್ಯಾಕ್ಟೀರಿಯಗಳಲ್ಲಿ ಇರಲೇಬೇಕಾದ ತುಣುಕುಗಳು ಇಲ್ಲಿರಲಿಲ್ಲ. ಇದು ಅದೇ ಕಾವ್ಯದ ಇನ್ನೊಂದು ಪ್ರತಿಯಲ್ಲ, ಬೇರೆಯೇ ಒಂದು ಪರಂಪರೆ.

೧೯೭೭ರಲ್ಲಿ ವೂಸ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಫಾಕ್ಸ್ ಇದನ್ನು ಪ್ರಕಟಿಸಿದರು. ಜೀವಲೋಕದಲ್ಲಿರುವುದು ಎರಡು ಮಹಾಕುಲಗಳಲ್ಲ, ಮೂರು ಎಂಬುದು ಅವರ ಸಾರ. ಆ ವರ್ಷ ನವೆಂಬರ್ ೩ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಮುಖಪುಟದಲ್ಲಿಯೇ ಅಚ್ಚುಮಾಡಿತು. ಆದರೆ ವಿದ್ವಾಂಸರು ಮೆಚ್ಚಲಿಲ್ಲ. ನೊಬೆಲ್ ಪಾರಿತೋಷಿಕ ಪಡೆದಿದ್ದ ಸಾಲ್ವಡೋರ್ ಲೂರಿಯಾ ಅವರು ವುಲ್ಫರಿಗೆ ದೂರವಾಣಿಯಲ್ಲಿ, ಈ ಅವಿವೇಕದಿಂದ ದೂರ ಸರಿಯದಿದ್ದರೆ ನಿಮ್ಮ ಹೆಸರು ಕೆಡುವುದೆಂದು ಎಚ್ಚರಿಸಿದರಂತೆ. ವೂಸ್ ಹೆಚ್ಚು ಮಾತನಾಡದೆ ಕೆಲಸ ಮುಂದುವರಿಸಿದರು. ಕಾಲವೇ ಅವರ ಪರವಾಗಿ ಸಾಕ್ಷಿ ನುಡಿಯಿತು. ೧೯೯೦ರಲ್ಲಿ ಈ ಮೂರನೆಯ ಕುಲಕ್ಕೆ ಆರ್ಕಿಯಾ ಎಂಬ ಹೆಸರು ಸ್ಥಿರವಾಯಿತು. ೨೦೦೩ರಲ್ಲಿ ಅವರಿಗೆ ಸ್ವೀಡನ್ನಿನ ಕ್ರಾಫೋರ್ಡ್ ಪಾರಿತೋಷಿಕ ಬಂದಿತು. ೨೦೧೨ರ ಡಿಸೆಂಬರಿನಲ್ಲಿ ವೂಸ್ ಕಾಲವಾದರು.

ಕುದಿಯುವ ಕಡಲಿನ ನಿವಾಸಿ

೧೯೮೨ರಲ್ಲಿ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ನೌಕೆ ಪೆಸಿಫಿಕ್ ಸಾಗರದಲ್ಲಿ ೨೬೦೦ ಮೀಟರ್ ಆಳಕ್ಕೆ ಇಳಿಯಿತು. ಅಲ್ಲಿ ನೆಲದ ಬಿರುಕುಗಳಿಂದ ಬಿಸಿನೀರು ಹೊಗೆಯಂತೆ ಉಗ್ಗುತ್ತಿರುತ್ತದೆ. ಅಲ್ಲಿಂದ ತಂದ ಮಾದರಿಯಲ್ಲಿ ೮೫ ಡಿಗ್ರಿ ಸೆಲ್ಸಿಯಸ್ ಸುಮಾರಿನ ಬಿಸಿಯಲ್ಲಿ ಸುಖವಾಗಿ ಬೆಳೆಯುವ ಒಂದು ಆರ್ಕಿಯಾ ದೊರೆಯಿತು. ಸಾಗರ ಸೂಕ್ಷ್ಮಜೀವಿಗಳ ತಜ್ಞ ಹೋಲ್ಗರ್ ಯಾನಾಶ್ ಅವರ ನೆನಪಿಗೆ ಅದನ್ನು ಯಾನಾಶಿಯೈ ಎಂದು ಕರೆದರು. ಅದೂ ಮೀಥೇನ್ ತಯಾರಕ. ೧೯೯೬ರಲ್ಲಿ ಅದರ ವಂಶವಾಹಿಗಳ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆರ್ಕಿಯಾ ಒಂದರ ಗ್ರಂಥ ಇಡಿಯಾಗಿ ಓದಿಸಿಕೊಂಡದ್ದು ಅದೇ ಮೊದಲು. ಸುಮಾರು ೧೭ ಲಕ್ಷ ಅಕ್ಷರಗಳು, ೧೭೦೦ಕ್ಕೂ ಹೆಚ್ಚು ಜೀನ್‌ಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅದುವರೆಗೆ ಯಾವ ಜೀವಿಯಲ್ಲಿಯೂ ಕಂಡರಿಯದವು. ವೂಸರ ಮಾತನ್ನು ಅನುಮಾನಿಸುತ್ತಿದ್ದವರು ಅಲ್ಲಿಗೆ ಮೌನವಾದರು.

ನಮ್ಮ ಹಿಂದೂ ಮಹಾಸಾಗರವೂ ಈ ವಿಷಯದಲ್ಲಿ ಬಡವಲ್ಲ. ಅದರ ನಡುವಿನ ಪರ್ವತಶ್ರೇಣಿಯಲ್ಲಿ ಕೈರೇ ಎಂಬ ಬಿಸಿನೀರಿನ ತಾಣವುಂಟು. ಅಲ್ಲಿಂದ ತಂದ ಮೀಥೇನ್ ತಯಾರಕವೊಂದು ಅಧಿಕ ಒತ್ತಡದಲ್ಲಿ ೧೨೨ ಡಿಗ್ರಿಯಲ್ಲಿಯೂ ವಂಶಾಭಿವೃದ್ಧಿ ಮಾಡಿತೆಂದು ಜಪಾನಿನ ವಿಜ್ಞಾನಿಗಳು ೨೦೦೮ರಲ್ಲಿ ತೋರಿಸಿಕೊಟ್ಟರು. ನೀರು ಕುದಿಯುವ ಬಿಸಿಯನ್ನು ಮೀರಿಯೂ ಜೀವ ಜೀವವಾಗಿಯೇ ಇತ್ತು!

ಎಲ್ಲಿ ಹೋಯಿತು ಅನಿಲ?

ತಯಾರಿಸುವವರ ಕಥೆ ಇಷ್ಟಾಯಿತು. ಇನ್ನು ಉಣ್ಣುವವರ ಕಥೆ.

ಕಡಲ ತಳದ ಕೆಸರಿನಲ್ಲಿ ಸತ್ತ ಜೀವಿಗಳ ಅವಶೇಷ ಸಾವಿರಾರು ವರ್ಷಗಳಿಂದ ಶೇಖರವಾಗುತ್ತಲೇ ಇದೆ. ಅದರ ಆಳದಲ್ಲಿ ಮೀಥೇನ್ ಅಪಾರವಾಗಿ ಹುಟ್ಟುತ್ತದೆ. ಲೆಕ್ಕದ ಪ್ರಕಾರ ಅದು ಮೇಲಕ್ಕೆ ಬಂದು, ಕಡಲನ್ನು ದಾಟಿ, ಗಾಳಿಯನ್ನು ಸೇರಬೇಕು. ಆದರೆ ೧೯೭೦ರ ದಶಕದಲ್ಲಿ ಕೆಸರಿನ ಉದ್ದುದ್ದ ಕೊಳವೆಗಳನ್ನು ಮೇಲೆತ್ತಿ ಪದರ ಪದರವಾಗಿ ಪರೀಕ್ಷಿಸಿದ ಭೂರಸಾಯನಜ್ಞರಿಗೆ ವಿಚಿತ್ರವೊಂದು ಕಂಡಿತು. ವೆನಿಜುವೆಲಾ ಸಮೀಪದ ಕರಿಯಾಕೊ ಕಡಲಕಮರಿಯಲ್ಲಿ ವಿಲಿಯಂ ರೀಬರ್ಗ್ ಅವರು ೧೯೭೬ರಲ್ಲಿ ವರದಿಮಾಡಿದ್ದೂ ಇದನ್ನೇ. ಕೆಳಗಿನಿಂದ ಏರುವ ಮೀಥೇನ್ ಒಂದು ನಿರ್ದಿಷ್ಟ ಪದರಕ್ಕೆ ಬಂದ ಕೂಡಲೇ ಮಾಯವಾಗುತ್ತದೆ. ಮೇಲಿನ ಕಡಲನೀರಿನಿಂದ ಇಳಿಯುವ ಸಲ್ಫೇಟ್ ಎಂಬ ಗಂಧಕದ ಲವಣವೂ ಅದೇ ಪದರದಲ್ಲಿ ಮುಗಿದುಹೋಗುತ್ತದೆ.

ಅಕ್ಕಿಯೂ ಬೇಳೆಯೂ ಒಟ್ಟೊಟ್ಟಿಗೆ ಖರ್ಚಾಗುತ್ತಿರುವ ಮನೆಯಲ್ಲಿ ಯಾರೋ ಹುಗ್ಗಿ ಮಾಡುತ್ತಿರಲೇಬೇಕಷ್ಟೆ? ಮೀಥೇನನ್ನು ಸಲ್ಫೇಟಿನಿಂದ ‘ಉರಿಸಿ’ ಉಣ್ಣುವ ಜೀವಿಯೊಂದು ಅಲ್ಲಿರಬೇಕೆಂದು ಭೂರಸಾಯನಜ್ಞರು ಹೇಳಿದರು. ಆದರೆ ಜೀವವಿಜ್ಞಾನಿಗಳು ತಲೆಯಾಡಿಸಿದರು. ಮೀಥೇನಿನ ಬಂಧನ ಬಹು ಗಟ್ಟಿ. ಆಮ್ಲಜನಕವಿಲ್ಲದೆ ಅದನ್ನು ಮುರಿಯುವುದು ಹೇಗೆ? ಮುರಿದರೂ ಸಿಕ್ಕುವ ಶಕ್ತಿ ಎಷ್ಟು? ಮೇಲಾಗಿ, ಅಂಥ ಜೀವಿಯನ್ನು ಸಾಕಿ ತೋರಿಸಿದವರು ಯಾರು? ‘ಮನೆಯಲ್ಲಿ ಹುಗ್ಗಿಯ ವಾಸನೆಯಿದೆ, ಅಡುಗೆಯವನೇ ಇಲ್ಲ’ ಎಂಬ ಸ್ಥಿತಿ ಇಪ್ಪತ್ತು ವರ್ಷಗಳಿಗೂ ಮೀರಿ ನಡೆಯಿತು.

ನಡುವೆ ಒಂದೆರಡು ಸುಳಿವುಗಳು ಸಿಕ್ಕಿದವು. ಮೀಥೇನ್ ತಯಾರಕಗಳೇ ತಯಾರಿಸುವಾಗ ಅತ್ಯಲ್ಪ ಪ್ರಮಾಣವನ್ನು ಮತ್ತೆ ಒಡೆಯುತ್ತವೆಂದು ಟ್ಸೆಂಡರ್ ಮತ್ತು ಬ್ರಾಕ್ ಎಂಬವರು ೧೯೭೯ರಲ್ಲಿ ತೋರಿಸಿದರು. ಬಹುಶಃ ತಯಾರಕದ ಬಂಧುವೊಂದು ತನ್ನ ಕಾರ್ಯವನ್ನು ಹಿಮ್ಮುಖವಾಗಿ ನಡೆಸುತ್ತದೆ, ಅದರ ಪಕ್ಕದಲ್ಲಿ ಸಲ್ಫೇಟನ್ನು ಉಸಿರಾಡುವ ಜೊತೆಗಾರನೊಬ್ಬನಿದ್ದಾನೆ ಎಂದು ಅಮೆರಿಕದ ಟೋರಿ ಹೋಲರ್ ಮತ್ತು ಸಂಗಡಿಗರು ೧೯೯೪ರಲ್ಲಿ ಊಹಿಸಿದರು. ೧೯೯೯ರಲ್ಲಿ ಕ್ಯಾಲಿಫೋರ್ನಿಯದ ಉತ್ತರ ಕರಾವಳಿಯ ಈಲ್ ನದಿಯ ಕಡಲಪಾತ್ರೆಯಿಂದ ಬಲವಾದ ಸಾಕ್ಷ್ಯವೇ ಬಂದಿತು. ಜೀವಿಗಳು ಹುಟ್ಟಿಸಿದ ಮೀಥೇನಿನಲ್ಲಿರುವ ಇಂಗಾಲ ಅಸಾಧಾರಣವಾಗಿ ಹಗುರ ಜಾತಿಯದು. ಅಲ್ಲಿಯ ಆರ್ಕಿಯಾಗಳ ಮೈಕೊಬ್ಬಿನಲ್ಲಿದ್ದ ಇಂಗಾಲವೂ ಹಾಗೆಯೇ ಹಗುರವಾಗಿತ್ತು. ಉಂಡದ್ದು ಮೈಗೆ ಹತ್ತುತ್ತದೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಯಿತು.

ಜೋಡಿ ಸಂಸಾರ

ಕೊನೆಗೆ ೨೦೦೦ದಲ್ಲಿ ಜರ್ಮನಿಯ ಆಂಟ್ಯೆ ಬೋಟಿಯಸ್ ಮತ್ತು ಅವರ ಸಂಗಡಿಗರು ಅಡುಗೆಯವನನ್ನು ಪ್ರತ್ಯಕ್ಷ ಕಂಡರು. ಅಮೆರಿಕದ ಆರೆಗನ್ ತೀರದ ಆಚೆ ಸುಮಾರು ೭೮೦ ಮೀಟರ್ ಆಳದಲ್ಲಿ ಹೈಡ್ರೇಟ್ ರಿಜ್ ಎಂಬ ಕಡಲದಿಣ್ಣೆಯಿದೆ. ಅಲ್ಲಿನ ಚಳಿ ಒತ್ತಡಗಳಲ್ಲಿ ಮೀಥೇನ್ ನೀರಿನೊಡನೆ ಸೇರಿ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಕೊಂಡಿರುತ್ತದೆ. ಅದರ ಮೇಲಣ ಕೆಸರಿಗೆ ಒಂದೊಂದು ಕುಲಕ್ಕೆ ಮಾತ್ರ ಅಂಟುವ ಬಣ್ಣಗಳನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಹು ಸುಂದರವಾದ ದೃಶ್ಯವೊಂದು ಕಂಡಿತು. ನಡುವೆ ಸುಮಾರು ನೂರು ಆರ್ಕಿಯಾಗಳ ಕೆಂಪು ಗೊಂಚಲು; ಅದನ್ನು ಸುತ್ತುವರಿದು ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಗಳ ಹಸುರು ಹೊದಿಕೆ. ಒಂದಲ್ಲ, ಎರಡಲ್ಲ, ಕೆಸರಿನ ತುಂಬ ಇಂಥ ಗೊಂಚಲುಗಳು.

ಈ ಸಂಸಾರದ ವ್ಯವಹಾರವನ್ನು ಸ್ವಲ್ಪ ಗಮನಿಸಬೇಕು. ಒಳಗಿನ ಆರ್ಕಿಯಾ ಮೀಥೇನನ್ನು ಒಡೆಯುತ್ತದೆ. ಒಡೆದಾಗ ಉಳಿಯುವ ಎಲೆಕ್ಟ್ರಾನುಗಳನ್ನು ಯಾರಿಗಾದರೂ ದಾಟಿಸದೆ ಗತಿಯಿಲ್ಲ. ಹೊರಗಿನ ಬ್ಯಾಕ್ಟೀರಿಯ ಅವನ್ನು ತೆಗೆದುಕೊಂಡು ಸಲ್ಫೇಟಿಗೆ ಕೊಡುತ್ತದೆ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. ಮೀಥೇನನ್ನು ಆಮ್ಲಜನಕದಲ್ಲಿ ಉರಿಸಿದರೆ ಬರುವ ಶಕ್ತಿಯ ಇಪ್ಪತ್ತನೆಯ ಒಂದು ಪಾಲೂ ಇಲ್ಲಿ ಬರುವುದಿಲ್ಲ. ಬಂದಷ್ಟರಲ್ಲಿಯೇ ಇಬ್ಬರೂ ಹಂಚಿಕೊಳ್ಳಬೇಕು. ಆದಕಾರಣ ಇವುಗಳ ಬೆಳವಣಿಗೆ ಅತಿ ನಿಧಾನ. ನಮ್ಮ ಕರುಳಿನ ಬ್ಯಾಕ್ಟೀರಿಯವೊಂದು ಅನುಕೂಲ ಸನ್ನಿವೇಶದಲ್ಲಿ ಇಪ್ಪತ್ತು ನಿಮಿಷಕ್ಕೆ ಎರಡಾದರೆ, ಇವು ಎರಡಾಗಲು ತಿಂಗಳುಗಳೇ ಬೇಕು. ಒಂದು ಪ್ರಯೋಗದಲ್ಲಿ ಏಳು ತಿಂಗಳು ಹಿಡಿಯಿತು. ಕಡಮೆ ಸಂಬಳದ ಸಂಸಾರವನ್ನು ತೂಗಿಸುವವರಿಗೆ ಈ ದಂಪತಿಗಳ ಮೇಲೆ ವಿಶೇಷ ಗೌರವ ಹುಟ್ಟಿದರೆ ಆಶ್ಚರ್ಯವಿಲ್ಲ.

ನಿಧಾನವಾದರೂ ಅವುಗಳ ಕೆಲಸ ದೊಡ್ಡದು. ಕಪ್ಪು ಸಮುದ್ರದ ಆಮ್ಲಜನಕವಿಲ್ಲದ ನೀರಿನಲ್ಲಿ ಇಂಥವೇ ಜೀವಿಗಳು ಸುಣ್ಣಕಲ್ಲಿನ ಕಂಬಗಳನ್ನೇ ಎಬ್ಬಿಸಿವೆಯೆಂದು ೨೦೦೨ರಲ್ಲಿ ವರದಿಯಾಯಿತು. ಕೆಲವು ಕಂಬಗಳು ನಾಲ್ಕು ಮೀಟರ್ ಎತ್ತರ! ಒಡೆದ ಮೀಥೇನಿನ ಇಂಗಾಲ ಕಡಲಿನ ಸುಣ್ಣದಂಶದೊಡನೆ ಸೇರಿ ಕಲ್ಲಾಗುತ್ತದೆ. ಗಾಳಿಗೆ ಹಾರಬೇಕಾಗಿದ್ದ ಅನಿಲ ಕಂಬವಾಗಿ ನಿಲ್ಲುತ್ತದೆ.

ಸಂಧಿ ಬಿಡಿಸುವ ಜೀನ್‌ಗಳು

ಮೂಲ ಪ್ರಶ್ನೆ ಇನ್ನೂ ಉಳಿದೇ ಇತ್ತು. ಆಮ್ಲಜನಕವಿಲ್ಲದೆ ಮೀಥೇನನ್ನು ಒಡೆಯುವ ಆಯುಧ ಯಾವುದು? ಇವುಗಳನ್ನು ಒಂಟಿಯಾಗಿ ಸೀಸೆಯಲ್ಲಿ ಸಾಕುವ ಯತ್ನಗಳು ಫಲಿಸಲಿಲ್ಲ. ಉಳಿದ ದಾರಿಯೊಂದೇ: ಕೆಸರಿನಿಂದಲೇ ಅವುಗಳ ಬರಹವನ್ನು ತೆಗೆದು ಓದುವುದು.

ಕಪ್ಪು ಸಮುದ್ರದ ಆ ಕಂಬಗಳ ಮೇಲಣ ಲೋಳೆಯ ಹಾಸನ್ನು ಅರೆದು ನೋಡಿದಾಗ ಒಂದು ಪ್ರೋಟೀನ್ ಹೇರಳವಾಗಿ ಸಿಕ್ಕಿತೆಂದು ೨೦೦೩ರಲ್ಲಿ ಜರ್ಮನಿಯ ವಿಜ್ಞಾನಿಗಳು ತಿಳಿಸಿದರು. ಹೊರತೆಗೆದ ಒಟ್ಟು ಪ್ರೋಟೀನಿನಲ್ಲಿ ನೂರಕ್ಕೆ ಏಳು ಪಾಲು ಅದೊಂದೇ. ಅದು ಹೊಸದಾಗಿರಲಿಲ್ಲ. ಮೀಥೇನ್ ತಯಾರಕಗಳು ತಮ್ಮ ಅಡುಗೆಯ ಕಟ್ಟಕಡೆಯ ಹಂತದಲ್ಲಿ ಬಳಸುವ ಕಿಣ್ವದ ಒಡಹುಟ್ಟು ಅದು. ಮರುವರ್ಷ, ೨೦೦೪ರಲ್ಲಿ, ಸ್ಟೀವನ್ ಹ್ಯಾಲಮ್, ಎಡ್ವರ್ಡ್ ಡೆಲಾಂಗ್ ಮತ್ತು ಸಂಗಡಿಗರು ಈಲ್ ನದಿಯ ಕಡಲಪಾತ್ರೆಯ ಕೆಸರಿನಿಂದ ಈ ಆರ್ಕಿಯಾಗಳ ವಂಶವಾಹಿಗಳನ್ನು ಓದಿದರು. ಮೀಥೇನ್ ತಯಾರಿಸಲು ಬೇಕಾಗುವ ಏಳು ಮೆಟ್ಟಿಲುಗಳ ಜೀನ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಅಲ್ಲಿದ್ದವು.

ಎಂದರೆ ಅರ್ಥವೇನು? ಹೊಸ ಆಯುಧವನ್ನು ಪ್ರಕೃತಿ ನಿರ್ಮಿಸಲಿಲ್ಲ. ಕಟ್ಟುವ ಸಲಕರಣೆಯನ್ನೇ ಹಿಮ್ಮುಖವಾಗಿ ನಡೆಸಿ ಒಡೆಯುವ ಕೆಲಸಕ್ಕೆ ಹಚ್ಚಿತು. ತರಗತಿಯಲ್ಲಿ ವ್ಯಾಕರಣ ಹೇಳುವಾಗ ನಾವು ಮೊದಲು ‘ಊರು, ಅನ್ನು’ ಎಂಬುದನ್ನು ‘ಊರನ್ನು’ ಎಂದು ಕೂಡಿಸಿ ಲೋಪಸಂಧಿಯೆನ್ನುತ್ತೇವೆ. ಅದೇ ಸೂತ್ರವನ್ನು ಹಿಡಿದು ಮತ್ತೆ ಬಿಡಿಸುವುದನ್ನೂ ಕಲಿಸುತ್ತೇವೆ. ಕೂಡಿಸುವುದಕ್ಕೊಂದು ಬಿಡಿಸುವುದಕ್ಕೊಂದು ಎಂದು ಎರಡು ವ್ಯಾಕರಣಗಳಿಲ್ಲ. ಕಡಲ ತಳದ ವ್ಯಾಕರಣವೂ ಹಾಗೆಯೇ. ಈ ಕಿಣ್ವ ಎರಡು ದಿಕ್ಕಿಗೂ ನಡೆಯಬಲ್ಲದೆಂಬುದನ್ನು ಸಿಲ್ವನ್ ಶೆಲರ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಯೋಗಶಾಲೆಯಲ್ಲಿಯೇ ಸಿದ್ಧಮಾಡಿ ತೋರಿಸಿದರು.

ಆ ಕಿಣ್ವದ ಹೃದಯದಲ್ಲಿರುವುದು ನಿಕ್ಕಲ್ ಲೋಹದ ಒಂದೇ ಒಂದು ಪರಮಾಣು, ಅದರ ಸುತ್ತ ಉಂಗುರದಂಥ ಒಂದು ಕಟ್ಟು. ಇದರಲ್ಲಿ ಒಂದು ಸ್ವಾರಸ್ಯವುಂಟು. ಇದೇ ಬಗೆಯ ಉಂಗುರದ ನಡುವೆ ಕಬ್ಬಿಣವನ್ನಿಟ್ಟರೆ ನಮ್ಮ ರಕ್ತದ ಕೆಂಪು. ಮೆಗ್ನೀಸಿಯಮ್ ಇಟ್ಟರೆ ಎಲೆಯ ಹಸುರು. ಕೋಬಾಲ್ಟ್ ಇಟ್ಟರೆ ವೈದ್ಯರು ಬರೆದುಕೊಡುವ ಬಿ-೧೨ ಜೀವಸತ್ತ್ವ. ನಿಕ್ಕಲ್ ಇಟ್ಟದ್ದು ಹಳದಿ. ನಮ್ಮ ನರಗಳಲ್ಲಿ ಹರಿಯುವ ರಕ್ತಕ್ಕೂ ಅಂಗಳದ ತುಳಸಿಯ ಎಲೆಗೂ ಪಾತಾಳದ ಆ ಗೊಂಚಲಿಗೂ ಇರುವ ಈ ನೆಂಟಸ್ತಿಕೆಯನ್ನು ನೆನೆದಾಗ ಮನಸ್ಸು ಒಂದು ಕ್ಷಣ ಸ್ತಬ್ಧವಾಗುತ್ತದೆ.

ಎಲೆಕ್ಟ್ರಾನುಗಳನ್ನು ಗಂಡಹೆಂಡಿರು ದಾಟಿಸಿಕೊಳ್ಳುವ ಬಗೆಯೂ ಕ್ರಮೇಣ ಬಯಲಾಯಿತು. ಅವುಗಳ ನಡುವೆ ತಂತಿಯ ಸಂಪರ್ಕವಿದೆಯೆಂದು ೨೦೧೫ರಲ್ಲಿ ಎರಡು ಬೇರೆ ಬೇರೆ ತಂಡಗಳು ತಿಳಿಸಿದವು. ಈ ಆರ್ಕಿಯಾಗಳ ಬರಹದಲ್ಲಿ ಕಬ್ಬಿಣ ತುಂಬಿದ ದೊಡ್ಡ ದೊಡ್ಡ ಪ್ರೋಟೀನುಗಳ ಜೀನ್‌ಗಳು ಸಿಕ್ಕಿದವು. ವಿದ್ಯುತ್ತು ಅವುಗಳ ಮೂಲಕ ಕೋಶದಿಂದ ಕೋಶಕ್ಕೆ ಹರಿಯುತ್ತದೆ. ನಾವು ಮನೆಗೆ ತಂತಿ ಎಳೆಸಿಕೊಂಡು ನೂರು ಚಿಲ್ಲರೆ ವರ್ಷ. ಅವಕ್ಕೆ ಅದು ಯುಗಯುಗಗಳ ವಿದ್ಯೆ.

ಸಿಲಿಂಡರಿನ ಅನಿಲವನ್ನೂ ಬಿಡವು

ಇಷ್ಟಕ್ಕೇ ಮುಗಿಯಲಿಲ್ಲ. ಮೆಕ್ಸಿಕೊ ದೇಶದ ಕ್ಯಾಲಿಫೋರ್ನಿಯ ಕೊಲ್ಲಿಯಲ್ಲಿ ಗ್ವಾಯ್ಮಾಸ್ ಎಂಬ ಕಡಲಪಾತ್ರೆಯಿದೆ, ಸುಮಾರು ೨೦೦೦ ಮೀಟರ್ ಆಳ. ಕೆಳಗಿನ ಭೂಗರ್ಭದ ಕಾವಿನಿಂದ ಅಲ್ಲಿಯ ಕೆಸರು ಬೆಂದು, ಲಕ್ಷಾಂತರ ವರ್ಷಗಳಲ್ಲಿ ಆಗಬೇಕಾದ ಕಲ್ಲೆಣ್ಣೆ ಬೇಗ ಬೇಗನೆ ಸಿದ್ಧವಾಗಿ ಒಸರುತ್ತಿರುತ್ತದೆ. ಆ ಕೆಸರನ್ನು ತಂದು ೫೦ ಡಿಗ್ರಿ ಬಿಸಿಯಲ್ಲಿಟ್ಟು, ಬ್ಯೂಟೇನನ್ನು ಮಾತ್ರ ಉಣಿಸಿ ವರ್ಷಗಳ ಕಾಲ ಸಾಕಿದರು. ಬ್ಯೂಟೇನ್ ಖರ್ಚಾಗುತ್ತ ಬಂದಿತು! ೨೦೧೬ರಲ್ಲಿ ರಫಾಯೆಲ್ ಲಾಸೊ-ಪೆರೆಸ್, ಗುಂಟರ್ ವೆಗೆನರ್ ಮತ್ತು ಸಂಗಡಿಗರು ಈ ಹೊಸ ಆರ್ಕಿಯಾದ ವಂಶವಾಹಿಗಳನ್ನು ಪ್ರಕಟಿಸಿದರು. ಅದರಲ್ಲಿಯೂ ಅದೇ ನಿಕ್ಕಲ್ ಕಿಣ್ವದ ಜೀನ್, ಆದರೆ ನಾಲ್ಕು ಇಂಗಾಲಗಳ ದೊಡ್ಡ ತುತ್ತಿಗೆ ಹೊಂದುವಂತೆ ರೂಪ ಬದಲಿಸಿಕೊಂಡದ್ದು. ತುತ್ತನ್ನು ಹಿಡಿದ ಮೇಲೆ ಅದನ್ನು ಅರಗಿಸಲು ಬಳಸುವ ಜೀನ್‌ಗಳಂತೂ ನಾವು ತುಪ್ಪವನ್ನು ಅರಗಿಸಿಕೊಳ್ಳುವ ಮಾರ್ಗವನ್ನೇ ಹೋಲುವಂಥವು. ಇದಕ್ಕೂ ಒಬ್ಬ ಜೊತೆಗಾರ ಬೇಕು.

೨೦೧೯ರಲ್ಲಿ ಮೆಕ್ಸಿಕೊ ಕೊಲ್ಲಿಯ ಕೆಸರಿನಿಂದ ಈಥೇನನ್ನು ಉಣ್ಣುವ ಇನ್ನೊಂದು, ಮರುವರ್ಷ ಗ್ವಾಯ್ಮಾಸಿನಿಂದ ಅದನ್ನೇ ಹೆಚ್ಚು ಚುರುಕಾಗಿ ಉಣ್ಣುವ ಮತ್ತೊಂದು ವರದಿಯಾದವು. ೨೦೨೨ರಲ್ಲಿ ಚೀನಾ ದೇಶದ ಎಣ್ಣೆಬಾವಿಯೊಂದರ ಮಾದರಿಯಲ್ಲಿ, ಕಲ್ಲೆಣ್ಣೆಯ ಉದ್ದುದ್ದ ಸರಪಣಿಗಳನ್ನು ಯಾರ ಹಂಗೂ ಇಲ್ಲದೆ ತಾನೊಬ್ಬನೇ ಒಡೆದು ಮೀಥೇನಾಗಿಸುವ ಆರ್ಕಿಯಾ ಕಂಡಿತು. ಅದರ ಬಂಧುಗಳನ್ನು ಕಡಲ ಎಣ್ಣೆಯ ಒಸರುಗಳಲ್ಲಿ ಮೊದಲೇ ಗುರುತಿಸಿದ್ದರು. ಹೀಗೆ ಒಂದೇ ಮೂಲ ಪಾಠ, ಹಲವು ಪಾಠಾಂತರಗಳು. ಒಂದೊಂದು ಪಾಠಾಂತರಕ್ಕೂ ಒಂದೊಂದು ಹೊಸ ಆಹಾರ.

ನಮಗೇನು?

ಪಾತಾಳದ ಜೀವಿಗಳು ಏನನ್ನು ಉಂಡರೆ ನಮಗೇನು ಎಂದು ಕೆಲವರಾದರೂ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಉತ್ತರವೂ ಗಂಭೀರವಾದದ್ದೇ.

ಭೂಮಿಯನ್ನು ಬೆಚ್ಚಗಾಗಿಸುವ ಅನಿಲಗಳಲ್ಲಿ ಮೀಥೇನಿಗೆ ಇಂಗಾಲದ ಡೈ ಆಕ್ಸೈಡಿನ ಅನಂತರದ ಮುಖ್ಯ ಸ್ಥಾನ. ಗಾಳಿಯಲ್ಲಿ ಅದರ ಆಯುಸ್ಸು ಸುಮಾರು ಹನ್ನೆರಡು ವರ್ಷವಾದರೂ, ಇಪ್ಪತ್ತು ವರ್ಷಗಳ ಅವಧಿಯ ಲೆಕ್ಕ ಹಿಡಿದರೆ ತೂಕಕ್ಕೆ ತೂಕ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು ಎಂಬತ್ತು ಪಟ್ಟು ಹೆಚ್ಚು ಕಾವನ್ನು ಹಿಡಿದಿಡುತ್ತದೆ. ಕೈಗಾರಿಕೆಯ ಯುಗಕ್ಕೆ ಹಿಂದೆ ಗಾಳಿಯಲ್ಲಿದ್ದ ಮೀಥೇನ್ ಈಗ ಎರಡೂವರೆ ಪಟ್ಟಿಗೂ ಮೀರಿದೆ. ಕಡಲ ತಳವು ಇಷ್ಟೊಂದು ಮೀಥೇನನ್ನು ಹುಟ್ಟಿಸುತ್ತಿದ್ದರೂ, ಗಾಳಿಗೆ ಸೇರುವ ಒಟ್ಟು ಮೀಥೇನಿನಲ್ಲಿ ಕಡಲಿನ ಪಾಲು ನೂರಕ್ಕೆ ಕೆಲವೇ ಅಂಶ. ಕೆಸರಿನಲ್ಲಿ ಮೇಲೇರುವ ಮೀಥೇನಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಈ ಅನಿಲಾಹಾರಿಗಳು ಅಲ್ಲಿಯೇ ಉಂಡು ಮುಗಿಸುತ್ತವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ನಾವು ಯಾರೂ ನೇಮಿಸದ, ಸಂಬಳ ಕೊಡದ ಕಾವಲುಗಾರರು ಅವರು.

ಆದರೆ ಈ ಕಾವಲಿಗೂ ಮಿತಿಯುಂಟು. ಅನಿಲ ಮೆಲ್ಲಗೆ ಒಸರುವಲ್ಲಿ ಮಾತ್ರ ಅವು ಅದನ್ನು ತಡೆಯಬಲ್ಲವು. ಬಿರುಕಿನಿಂದ ರಭಸವಾಗಿ ಗುಳ್ಳೆಗಳು ಚಿಮ್ಮಿದರೆ, ಎರಡಾಗಲು ತಿಂಗಳುಗಳು ಬೇಕಾದ ಜೀವಿ ಏನು ಮಾಡೀತು? ಕೆಸರನ್ನು ಕಲಕಿ ಒಮ್ಮೆ ಅವುಗಳ ಸಂಸಾರವನ್ನು ಹಾಳುಮಾಡಿದರೆ ಅದು ಮತ್ತೆ ನೆಲೆಗೊಳ್ಳಲು ವರ್ಷಗಳೇ ಬೇಕಾದಾವು.

ಇದು ದೂರದ ದೇಶಗಳ ಮಾತಲ್ಲ. ೨೦೦೬ರಲ್ಲಿ ಜಾಯ್ಡೀಸ್ ರೆಸೊಲ್ಯೂಷನ್ ಎಂಬ ಕೊರೆಯುವ ಹಡಗು ನಮ್ಮ ಸರ್ಕಾರದ ಯೋಜನೆಯ ಅಂಗವಾಗಿ ಭಾರತದ ಸುತ್ತಣ ಕಡಲನ್ನು ಶೋಧಿಸಿದಾಗ, ಬಂಗಾಳ ಕೊಲ್ಲಿಯ ಕೃಷ್ಣಾ–ಗೋದಾವರಿ ಪಾತ್ರೆಯಲ್ಲಿ ಸುಮಾರು ೧೩೦ ಮೀಟರ್ ದಪ್ಪದ ಸ್ತರದಲ್ಲಿ ಹೆಪ್ಪುಗಟ್ಟಿದ ಮೀಥೇನ್ ದೊರೆಯಿತು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಅದೇ ಪ್ರದೇಶದಲ್ಲಿ ಅನಿಲ ಒಸರುವ ತಾಣಗಳನ್ನೂ ಗುರುತಿಸಿದ್ದಾರೆ. ಆ ಹೆಪ್ಪಿನ ಒಂದು ಘನಮೀಟರ್ ಕರಗಿದರೆ ೧೬೦ ಘನಮೀಟರಿಗೂ ಹೆಚ್ಚು ಅನಿಲ! ಇಂಧನಕ್ಕಾಗಿ ಪರದೇಶಗಳ ಮುಂದೆ ಕೈಚಾಚುವ ನಾಡಿಗೆ ಇದು ನಿಧಿಯೇ ಸರಿ. ಕೃಷ್ಣೆಯ ದಾರಿ ನಮ್ಮ ನಾಡಿನಿಂದಲೇ ಹಾದುಹೋಗುತ್ತದೆ. ಮಲಪ್ರಭೆ, ಘಟಪ್ರಭೆ, ಭೀಮೆ, ತುಂಗಭದ್ರೆಗಳು ಹೊತ್ತ ಮಣ್ಣು ಅದರ ಜೊತೆಗೆ ಆ ಕಡಲನ್ನು ಸೇರುತ್ತದೆ. ನಮ್ಮ ಹೊಲದಿಂದ ಕೊಚ್ಚಿಹೋದ ಮಣ್ಣಿನ ಹಿಡಿಯಷ್ಟಾದರೂ ಆ ಅನಿಲಾಹಾರಿಗಳ ಮನೆಯ ಕೆಳಗೆ ಸೇರಿರಬಹುದು.

ನಿಧಿಯನ್ನು ತೆಗೆಯಬಾರದೆಂದು ನಾನು ಹೇಳಲಾರೆ. ಅದು ಬಲ್ಲವರು ನಿರ್ಧರಿಸಬೇಕಾದ ವಿಷಯ. ಆದರೆ ನಿಧಿಗೆ ಸರ್ಪದ ಕಾವಲುಂಟೆಂದು ನಮ್ಮ ಹಿರಿಯರು ನಂಬಿದ್ದರು. ಈ ನಿಧಿಯ ಕಾವಲುಗಾರರು ಸರ್ಪಗಳಲ್ಲ. ಕಣ್ಣಿಗೆ ಕಾಣದ, ಅರೆಹೊಟ್ಟೆಯ, ಒಬ್ಬರನ್ನೊಬ್ಬರು ಬಿಟ್ಟಿರಲಾರದ ಬಡ ಸಂಸಾರಿಗಳು. ಅವರಿಂದ ನಿಧಿಗೆ ಅಡ್ಡಿಯಿಲ್ಲ. ಅವರಿಗೆ ಕೆಡುಕಾದರೆ ಮಾತ್ರ ನಮಗೆ ಕೇಡು. ಕೈಹಾಕುವ ಮುನ್ನ ಅವರ ಲೆಕ್ಕವನ್ನೂ ಇಟ್ಟುಕೊಳ್ಳುವುದು ವಿವೇಕ.

ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ ಕೆರೆಯ ದಂಡೆಯಲ್ಲಿ ನಿಂತಿದ್ದೆ. ಎಮ್ಮೆಗಳು ಕೆಸರಿಗಿಳಿದವು. ಗುಳ್ಳೆಗಳೆದ್ದು ಒಡೆದು ಗಾಳಿಗೆ ಸೇರಿದವು. ಕೆರೆಯ ಸಿಹಿನೀರಿನಲ್ಲಿ ಸಲ್ಫೇಟ್ ಅತ್ಯಲ್ಪ. ಕಡಲಿನಂಥ ಬಿಗಿ ಕಾವಲು ಇಲ್ಲಿಲ್ಲ. ಅಜ್ಜಿ ಈಗ ಇಲ್ಲ. ಇದ್ದಿದ್ದರೆ ಹೇಳುತ್ತಿದ್ದೆ: ‘ಅಜ್ಜೀ, ಸೀಸೆಯಲ್ಲಿದ್ದದ್ದು ದೆವ್ವವಲ್ಲ. ಆದರೂ ನಿನ್ನ ಭಯ ತೀರ ಸುಳ್ಳೂ ಅಲ್ಲ. ಅದನ್ನು ಕಟ್ಟಿಹಾಕಿಕೊಂಡು ಕೂತವರು ಕಡಲ ತಳದಲ್ಲಿದ್ದಾರೆ. ಅವರು ಚೆನ್ನಾಗಿರಲೆಂದು ಹರಸು’ ಎಂದು.